ಗಣಿತದ ಟೀಚರಿಗಾಗಿಯೂ ಒಂದು ಮನವಿ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ದಾನಿಗಳ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಟ್ರಸ್ಟಿನ ಅಧ್ಯಕ್ಷರೇ, ಪದಾಧಿಕಾರಿಗಳೇ, ಉಸ್ತಾದರೇ, ದಾನಿಗಳೇ, ಮಕ್ಕಳನ್ನು ಕರೆದುಕೊಂಡು ದೂರದಿಂದ ಬಂದಿರುವ ತಂದೆ ತಾಯಂದಿರೇ, ಮತ್ತು ಊಟ ಯಾವಾಗ ಎಂದು ಕಾಯುತ್ತಿರುವ ಮುಂದಿನ ಸಾಲಿನ ನನ್ನ ಪ್ರೀತಿಯ ವಿದ್ಯಾರ್ಥಿಗಳೇ,

ಶಿಕ್ಷಣದ ಸಭೆಯಲ್ಲಿ ಮಾತಾಡುವವರೆಲ್ಲ ಕುರ್‌ಆನಿನಲ್ಲಿ ಮೊದಲು ಅವತೀರ್ಣವಾದ ಪದದಿಂದ ಶುರು ಮಾಡುವುದು ವಾಡಿಕೆ. ಅದನ್ನು ಉಸ್ತಾದರು ಈಗಷ್ಟೇ ನನಗಿಂತ ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಅಲ್ಯುಮಿನಿಯಂ ಕಿಟಕಿ ಬಾಗಿಲು ಮಾಡುವವನು. ಹಾಗಾಗಿ ನನಗೆ ಗೊತ್ತಿರುವ ಅಳತೆ ಟೇಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ವರ್ಕ್‌ಶಾಪಿಗೆ ಎಸೆಸೆಲ್ಸಿ ಪಾಸಾದ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಒಳ್ಳೆಯ ಹುಡುಗ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಶಟರ್ ಎತ್ತುವವನು. ಆರು ತಿಂಗಳಾದ ಮೇಲೆ ಒಂದು ಮನೆಯ ಸ್ಲೈಡಿಂಗ್ ಕಿಟಕಿಗಳ ಕಟಿಂಗ್ ಲಿಸ್ಟ್ ಮಾಡಲು ಅವನಿಗೇ ಕೊಟ್ಟೆ. ಒಂದು ತುಂಡಿನ ಅಳತೆ 3 ಅಡಿ 10 ಇಂಚು. ಅಂಥ ಮೂರು ಬೇಕು. ಅವನು ಕ್ಯಾಲ್ಕುಲೇಟರಿನಲ್ಲಿ 3.10 ಎಂದು ಒತ್ತಿ ಮೂರರಿಂದ ಗುಣಿಸಿದ. 9.3 ಬಂತು. ಒಂಬತ್ತು ಅಡಿ ಮೂರು ಇಂಚು ಎಂದು ಬರೆದುಕೊಂಡ. 12 ಅಡಿಯ ಲೆಂಗ್ತ್‌ನಲ್ಲಿ ಇನ್ನೂ 2 ಅಡಿ 9 ಇಂಚು ಮಿಗುತ್ತದೆ, ಅದರಲ್ಲಿ ವೆಂಟಿಲೇಟರಿನ ತುಂಡೂ ಆಗುತ್ತದೆ ಎಂದು ಲೆಕ್ಕ ಹಾಕಿ ಮಾಲು ತರಿಸಿದ. ಸರಿಯಾದ ಲೆಕ್ಕ 11 ಅಡಿ 6 ಇಂಚು. ಮಿಗುವುದು ಅರ್ಧ ಅಡಿ. ಇಡೀ ಮನೆಯ ಲಿಸ್ಟ್ ಹೀಗೇ ಆಗಿತ್ತು. ಮನೆಯೊಕ್ಕಲಿಗೆ ನಾಲ್ಕು ದಿನ ಇರುವಾಗ ಮಾಲು ಸಾಲದೆ ಕೆಲಸ ನಿಂತಿತು. ನಾನು ಎಲ್ಲರ ಎದುರು ಅವನಿಗೆ ಬೈದೆ. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಆಮೇಲೆ ನಾನು ಮಾಡಿದ್ದು ನಾವೆಲ್ಲ ವ್ಯಾಪಾರಿಗಳು ಮಾಡುವ ಕೆಲಸವನ್ನೇ. ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ‘ಈಗಿನ ಮಕ್ಕಳಿಗೆ ಏನೂ ಬರುವುದಿಲ್ಲ ಮಾರಾಯ್ರೇ, ಊರಿನವರನ್ನು ಇಟ್ಟುಕೊಂಡರೆ ತಲೆನೋವು, ಬಿಹಾರ, ಬಂಗಾಳದಿಂದ ಬಂದವರೇ ವಾಸಿ’ ಎಂದು ಹೇಳಿಕೊಂಡು ತಿರುಗಿದೆ. ಒಂದು ದಿನ ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಕಿಟಕಿ ರಿಪೇರಿಯ ವಿಷಯಕ್ಕೆ ಅಂಗಡಿಗೆ ಬಂದಿದ್ದರು. ಅವರ ಮುಂದೆಯೂ ಇದೇ ರಾಗ ಎಳೆದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: ‘ಬ್ಯಾರಿಗಳೇ, ಆ ಹುಡುಗ ನಮ್ಮ ಶಾಲೆಯವನೇ. ಅವನು ಆರನೇ ಏಳನೇ ತರಗತಿಯಲ್ಲಿದ್ದಾಗ ಗಣಿತದ ಟೀಚರ್ ಹುದ್ದೆ ಖಾಲಿ ಇತ್ತು. ಹಿಂದಿ ಟೀಚರ್ ಬಿಡುವು ಮಾಡಿಕೊಂಡು ಗಣಿತ ಹೇಳಿಕೊಡುತ್ತಿದ್ದರು. ಈಗಲೂ ಅದು ಖಾಲಿಯೇ. ನೀವು ಕೊನೆಯ ಸಲ ನಮ್ಮ ಶಾಲೆಗೆ ಬಂದದ್ದು ಯಾವಾಗ?’

ನಾನು ಲೆಕ್ಕ ಹಾಕಿದೆ. ಕೊನೆಯ ಸಲ ಹೋದದ್ದು ಓಟು ಹಾಕಲು.

ಅದೇ ವಾರ ನಾವು ಅಂಗಡಿಯವರೆಲ್ಲ ಸೇರಿ ಮುಖ್ಯರಸ್ತೆಯ ಕಾಮಗಾರಿ ಬೇಗ ಮುಗಿಸಬೇಕೆಂದು ಜಿಲ್ಲಾಧಿಕಾರಿಗಳಿಗೆ ಮನವಿ ಕೊಟ್ಟಿದ್ದೆವು. ಫೋಟೋ ತೆಗೆಸಿಕೊಂಡು ಪತ್ರಿಕೆಗೂ ಕಳುಹಿಸಿದ್ದೆವು. ಜಿಎಸ್‌ಟಿಯ ತೊಂದರೆಗೆ ನಾವು ನಿಯೋಗ ಹೋಗುತ್ತೇವೆ. ಪಾರ್ಕಿಂಗಿಗೆ ಹೋಗುತ್ತೇವೆ, ಕರೆಂಟಿಗೆ ಹೋಗುತ್ತೇವೆ. ಯಾವ ಕಚೇರಿಯಲ್ಲಿ ಯಾವ ಮೇಜಿನ ಮುಂದೆ ನಿಲ್ಲಬೇಕು, ಸ್ವೀಕೃತಿಯ ಸೀಲು ಹೇಗೆ ಹಾಕಿಸಿಕೊಳ್ಳಬೇಕು, ಹದಿನೈದು ದಿನ ಬಿಟ್ಟು ಮತ್ತೆ ಹೇಗೆ ನೆನಪಿಸಬೇಕು, ಇದೆಲ್ಲ ನಮಗೆ ಕರತಲಾಮಲಕ. ನಮ್ಮ ಅಂಗಡಿಗೆ ನಾಳೆ ಬರುವ ಕೆಲಸಗಾರ ಇಂದು ಕುಳಿತಿರುವ ತರಗತಿಯಲ್ಲಿ ಟೀಚರ್ ಇಲ್ಲ ಎಂದು ನಾವು ಒಂದು ಸಲವೂ ಹೋದವರಲ್ಲ. ಆ ಶಾಲೆಯ ಮಕ್ಕಳ ತಂದೆ ತಾಯಿ ಹೋಗಬಹುದಿತ್ತು ಎನ್ನುತ್ತೀರಾ? ಬೀಡಿ ಕಟ್ಟುವ ತಾಯಿ, ಮೀನು ಮಾರುವ, ರಿಕ್ಷಾ ಓಡಿಸುವ ತಂದೆ ಒಂದು ದಿನ ಕಚೇರಿಗೆ ಅಲೆದರೆ ಆ ದಿನದ ಸಂಪಾದನೆ ಹೋಗುತ್ತದೆ. ನಮ್ಮದು ಹಾಗಲ್ಲ, ಅಂಗಡಿಯಲ್ಲಿ ಮಗನನ್ನು ಕೂರಿಸಿ ಹೋದರೆ ಆಯಿತು.

ಹನ್ನೊಂದು ಅಂಗಡಿಯವರು ಸಹಿ ಹಾಕಿದೆವು. ಹಾರ್ಡ್‌ವೇರ್, ಬೇಕರಿ, ಮೆಡಿಕಲ್, ಟೈಲರ್, ಎಲ್ಲ ಸಮುದಾಯದವರೂ ಇದ್ದರು. ಮನವಿಯಲ್ಲಿ ನಾವು ‘ದಯಮಾಡಿ’ ಎಂದು ಬರೆದು ಬಿಡಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಹೇಳಿಕೊಟ್ಟಂತೆ ಕಾನೂನನ್ನೂ ಬರೆದೆವು. 2009ರ ಶಿಕ್ಷಣ ಹಕ್ಕು ಕಾಯ್ದೆ, ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ, ಅದರ ಅನುಸೂಚಿಯಲ್ಲೇ ಲೆಕ್ಕ ಇದೆ. ಒಂದರಿಂದ ಐದರವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರಾದರೂ ಇರಬೇಕು, ಮತ್ತು ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಬೇಕೇ ಬೇಕು. ಅಂದರೆ ನಾವು ಕೇಳಿದ್ದು ಮಕ್ಕಳ ಹಕ್ಕು. ಮೊದಲ ಸಲ ಹೋದಾಗ ‘ವರ್ಗಾವಣೆಯ ಕೌನ್ಸೆಲಿಂಗ್ ಆಗಲಿ, ನೋಡೋಣ’ ಎಂದರು. ಎರಡನೇ ಸಲ ಸಂಬಂಧಪಟ್ಟವರು ಸಿಗಲಿಲ್ಲ. ಮೂರನೇ ಸಲ ಹೋದ ಮೇಲೆ ಒಬ್ಬರು ಅತಿಥಿ ಶಿಕ್ಷಕಿ ಬಂದರು, ಬಿಎಸ್ಸಿ ಬಿಎಡ್ ಆದವರು. ಮರುವರ್ಷ ಖಾಯಂ ಟೀಚರ್ ಬಂದರು. ಅಲ್‌ಹಮ್ದುಲಿಲ್ಲಾಹ್. ಅವರೂ ಈಗ ತಮ್ಮ ಊರಿಗೆ ವರ್ಗಾವಣೆ ಕೇಳಿದ್ದಾರಂತೆ. ಅಂದರೆ ನಾವು ಮತ್ತೆ ಹೋಗಬೇಕು. ರಸ್ತೆಯ ಹೊಂಡದ ಹಾಗೆ ಇದೂ ವರ್ಷ ವರ್ಷದ ಕೆಲಸ ಎಂದು ಅರ್ಥವಾಗಿದೆ.

ಇದು ದೊಡ್ಡ ಸಾಧನೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಎಷ್ಟೋ ಪಾಲು ದೊಡ್ಡದನ್ನು ಬುಟ್ಟಿಯಲ್ಲಿ ಕಿತ್ತಳೆ ಇಟ್ಟುಕೊಂಡು ಮಾರಿದ ಒಬ್ಬರು ಮಾಡಿ ತೋರಿಸಿದ್ದಾರೆ. ಹರೇಕಳ ಹಾಜಬ್ಬರ ಕಥೆ ನಿಮಗೆಲ್ಲ ಗೊತ್ತು. ಮಂಗಳೂರಿನಲ್ಲಿ ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ನಿಂತದ್ದು, ನಮ್ಮೂರಿನ ಮಕ್ಕಳಿಗೆ ಈ ಗತಿ ಬೇಡ ಎಂದು ಶಾಲೆಗಾಗಿ ಹೊರಟದ್ದು, 2020ರಲ್ಲಿ ಪದ್ಮಶ್ರೀ ಘೋಷಣೆಯಾದದ್ದು. ಆದರೆ ಸನ್ಮಾನದ ಭಾಷಣಗಳಲ್ಲಿ ನಾವು ಒಂದು ಅಂಶವನ್ನು ಹಾರಿಸಿಬಿಡುತ್ತೇವೆ. ನ್ಯೂಪಡ್ಪುವಿನಲ್ಲಿ ಅವರು ತಮ್ಮದೇ ಒಂದು ಖಾಸಗಿ ಶಾಲೆ ತೆರೆಯಲಿಲ್ಲ. ಮಸೀದಿಯ ಮದ್ರಸದಲ್ಲಿ ತರಗತಿ ಶುರು ಮಾಡಿಸಿ, ಕಚೇರಿಯಿಂದ ಕಚೇರಿಗೆ ಅಲೆದು, ಅಲ್ಲಿಗೆ ಸರಕಾರಿ ಶಾಲೆಯನ್ನೇ ತಂದರು. ಕೈಯಿಂದ ಹಣ ಹಾಕಿದರು, ಪ್ರಶಸ್ತಿಯ ಹಣವನ್ನೂ ಹಾಕಿದರು, ಆದರೆ ಟೀಚರ ಸಂಬಳ, ಪುಸ್ತಕ, ಬಿಸಿಯೂಟ ಎಲ್ಲ ಸರಕಾರದ ಜವಾಬ್ದಾರಿಯಾಗಿಯೇ ಉಳಿಯಿತು. ಆಮೇಲೆ ಅದು ಪ್ರೌಢಶಾಲೆಯೂ ಆಯಿತು. ಅಕ್ಷರ ಓದದ ಆ ವ್ಯಾಪಾರಿಗೆ ಇದ್ದ ಲೆಕ್ಕ ನಮಗೇಕೆ ಹೊಳೆಯುವುದಿಲ್ಲ?

ಇನ್ನೊಂದು ತುದಿಯಲ್ಲಿ ಅಜೀಂ ಪ್ರೇಮ್‌ಜಿಯವರಿದ್ದಾರೆ. ದೇಶದ ದೊಡ್ಡ ಉದ್ಯಮಿಗಳಲ್ಲಿ ಒಬ್ಬರು. ಅವರ ಪ್ರತಿಷ್ಠಾನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಮುಖ್ಯವಾಗಿ ಮಾಡುತ್ತಿರುವುದು ಸರಕಾರಿ ಶಾಲೆಗಳ ಶಿಕ್ಷಕರ ಜೊತೆಗಿನ ಕೆಲಸ. 2024ರಿಂದ ನಮ್ಮ ರಾಜ್ಯದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನವಾದದ್ದು ಆ ಪ್ರತಿಷ್ಠಾನದ ಹಣದಿಂದ, ಮೂರು ವರ್ಷಕ್ಕೆ ಸುಮಾರು ₹1,500 ಕೋಟಿ. ನಮ್ಮಲ್ಲಿ ಅಷ್ಟು ಹಣ ಇಲ್ಲ, ಸರಿ. ಹಾಜಬ್ಬರ ಬುಟ್ಟಿಗಿಂತ ಹೆಚ್ಚು ಇದೆ ತಾನೇ?

ಈಗ ಸ್ವಲ್ಪ ಕಹಿ ಮಾತು. ಟ್ರಸ್ಟಿನವರು ಬೇಸರ ಮಾಡಿಕೊಳ್ಳಬಾರದು, ಏಕೆಂದರೆ ಈ ಟ್ರಸ್ಟಿಗೆ ವರ್ಷವೂ ಕೊಡುವವರಲ್ಲಿ ನಾನೂ ಒಬ್ಬ.

ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಕಾಲಂ ಇದೆ, ‘ಶುಲ್ಕದ ರಶೀದಿ ಲಗತ್ತಿಸಿ’ ಎಂದು. ಸರಕಾರಿ ಪ್ರಾಥಮಿಕ ಶಾಲೆಯ ಮಗುವಿಗೆ ಶುಲ್ಕವೇ ಇಲ್ಲ, ರಶೀದಿ ಎಲ್ಲಿಂದ ತರುವುದು? ಹಾಗಾಗಿ ಆ ತಾಯಂದಿರು ಅರ್ಜಿಯನ್ನೇ ಹಾಕುವುದಿಲ್ಲ. ನಮ್ಮ ಹಣದಲ್ಲಿ ದೊಡ್ಡ ಪಾಲು ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳ ಫೀಸಿಗೆ ಹೋಗುತ್ತದೆ. ಹೋಗಬಾರದು ಎಂದು ನಾನು ಹೇಳುವುದಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳು ಅದರಿಂದಲೇ ಓದುತ್ತಿದ್ದಾರೆ, ಅವರ ತಂದೆ ತಾಯಿ ಹೊಟ್ಟೆ ಬಟ್ಟೆ ಕಟ್ಟಿ ಉಳಿದದ್ದನ್ನು ತುಂಬುತ್ತಿದ್ದಾರೆ. ಆದರೆ ಎಲ್ಲರಿಗಿಂತ ಬಡವರ ಮಗು ನಮ್ಮ ಪಟ್ಟಿಯಲ್ಲಿ ಇಲ್ಲದೇ ಹೋದರೆ ಅದು ನಮ್ಮ ಫಾರ್ಮಿನ ದೋಷ. ಕೇಂದ್ರ ಸರಕಾರದ ಅಲ್ಪಸಂಖ್ಯಾತ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವೂ 2022ರಿಂದ ಒಂದರಿಂದ ಎಂಟನೇ ತರಗತಿಯವರಿಗೆ ನಿಂತುಹೋಗಿದೆ, ಆಗ ಒಂಬತ್ತು ಹತ್ತಕ್ಕೆ ಮಾತ್ರ ಉಳಿಸಲಾಯಿತು. ಎಂಟರವರೆಗೆ ಶಿಕ್ಷಣ ಕಾಯ್ದೆಯ ಪ್ರಕಾರ ಉಚಿತ ಎಂಬುದು ಕೊಟ್ಟ ಕಾರಣ. ಉಚಿತ ಸರಿ, ಆದರೆ ಬಸ್ಸಿಗೆ, ನೋಟ್‌ಬುಕ್ಕಿಗೆ, ಮಳೆಗಾಲದ ಕೊಡೆಗೆ ಯಾರು ಕೊಡುತ್ತಾರೆ? ರಶೀದಿ ಇಲ್ಲದವರಿಗೂ ಒಂದು ಪಾಲು ಇಡಬೇಕೆಂದು ನಾನು ಆಡಳಿತ ಮಂಡಳಿಗೆ ಬರೆದು ಕೊಟ್ಟಿದ್ದೇನೆ. ಮುಂದಿನ ವರ್ಷದ ಪ್ರಕಟಣೆಯಲ್ಲಿ ನೋಡೋಣ, ಇನ್‌ಶಾ ಅಲ್ಲಾಹ್.

ನಮ್ಮ ಸಮುದಾಯದ ಮಕ್ಕಳೆಂದರೆ ಮದ್ರಸದಲ್ಲಿ ಮಾತ್ರ ಓದುವವರು ಎಂಬ ಕಲ್ಪನೆ ಹೊರಗಿನವರಲ್ಲಿ ಇನ್ನೂ ಇದೆ. 2006ರ ಸಾಚಾರ್ ಸಮಿತಿಯ ವರದಿ ಅದನ್ನು ಸುಳ್ಳು ಮಾಡಿತು. ಮದ್ರಸಗಳಿಗೆ ಹೋಗುವವರು ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಎಂದಿತು. ಕರಾವಳಿಯಲ್ಲಂತೂ ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಇದು ನಮ್ಮ ಅಜ್ಜಂದಿರ ಕಾಲದಿಂದ ಬಂದ ಕ್ರಮ. ಅದೇ ವರದಿ ಇನ್ನೊಂದು ಸಂಗತಿಯನ್ನೂ ಹೇಳಿತು. ಮುಸ್ಲಿಮರಲ್ಲಿ ಸಂಬಳದ ಕೆಲಸಕ್ಕಿಂತ ಸ್ವಂತ ದುಡಿಮೆ, ಸಣ್ಣ ವ್ಯಾಪಾರ, ಕೈಕಸುಬಿನವರೇ ಹೆಚ್ಚು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಇರುವುದು ಸಾಮಾನ್ಯ ಶಾಲೆಗಳಲ್ಲಿ. ಅವರು ಕೆಲಸ ಕಲಿಯಬೇಕಾದದ್ದು ನಮ್ಮಂಥವರ ಅಂಗಡಿಗಳಲ್ಲಿ. ಈ ಎರಡರ ನಡುವೆ ದಾರಿ ಮಾಡಬೇಕಾದವರು ಯಾರು?

ಮೊದಲು ಗಲ್ಫ್ ಎಂಬ ದಾರಿ ಇತ್ತು. ಹತ್ತು ಪಾಸೋ ಫೇಲೋ, ಪಾಸ್‌ಪೋರ್ಟ್ ಮಾಡಿಸಿ ಹೊರಟರೆ ಮನೆ ನಡೆಯುತ್ತಿತ್ತು. ಸೌದಿಯಲ್ಲಿ 2011ರಲ್ಲಿ ನಿತಾಕತ್ ಬಂದ ಮೇಲೆ ಎಷ್ಟು ಮಂದಿ ಪೆಟ್ಟಿಗೆ ಹಿಡಿದು ವಾಪಸ್ ಬಂದರು ಎಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಈಗಲೂ ಹೋಗುತ್ತಾರೆ. ನನ್ನ ಅಂಗಡಿಯಿಂದ ಹೋದ ಆ ಹುಡುಗನೂ ಅಲ್ಲೇ ಇದ್ದಾನೆ, ಹೆಲ್ಪರ್ ಆಗಿ. ಐಟಿಐ ಸರ್ಟಿಫಿಕೇಟ್ ಇರುವ ಅವನ ಜೊತೆಯವನು ಅದೇ ಕಂಪೆನಿಯಲ್ಲಿ ಟೆಕ್ನೀಶಿಯನ್. ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಆದರೆ ಸಂಬಳ ಒಂದೇ ಅಲ್ಲ. ಊರಿಗೆ ಬಂದಾಗ ಅವನು ನನ್ನನ್ನು ನೋಡಲು ಬಂದಿದ್ದ, ಖರ್ಜೂರ ತಂದುಕೊಟ್ಟ. ಬೈದದ್ದಕ್ಕೆ ನಾನು ಕ್ಷಮೆ ಕೇಳಿದೆ. ‘ಅದೆಲ್ಲ ಬಿಡಿ ಕಾಕ’ ಎಂದ.

ಪೋಷಕರಿಗೆ ಒಂದು ಮಾತು. ಪಿಯುಸಿ, ಆಮೇಲೆ ಯಾವುದೋ ಒಂದು ಡಿಗ್ರಿ, ಇದೊಂದೇ ಮರ್ಯಾದೆಯ ದಾರಿ ಎಂದು ತಿಳಿಯಬೇಡಿ. ಐಟಿಐಯಲ್ಲಿ ಎಲೆಕ್ಟ್ರೀಶಿಯನ್, ಫಿಟ್ಟರ್, ಎಸಿ ಮೆಕ್ಯಾನಿಕ್ ಎರಡು ವರ್ಷ, ವೆಲ್ಡರ್ ಒಂದೇ ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲಿಂದ ಎಂಜಿನಿಯರಿಂಗಿಗೂ ದಾರಿ ಇದೆ. ಆದರೆ ಇದಕ್ಕೆಲ್ಲ ಗಣಿತ ಬೇಕು. ಸುತ್ತಿ ಬಳಸಿ ಮತ್ತೆ ಆ ಆರನೇ ತರಗತಿಯ ಟೀಚರ ಹತ್ತಿರವೇ ಬಂದೆವು.

ಇನ್ನು ದಾನಿಗಳಿಗೆ, ವ್ಯಾಪಾರಿಗಳಿಗೆ. ಅಪ್ರೆಂಟಿಸ್ ಕಾಯ್ದೆ ಎಂಬುದು 1961ರಿಂದ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳುವುದು ಕಡ್ಡಾಯ, ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರವರೆಗೆ. 4ರಿಂದ 29 ಜನ ಇರುವಲ್ಲಿ ಮನಸ್ಸಿದ್ದರೆ ಇಟ್ಟುಕೊಳ್ಳಬಹುದು. ಇದು ನಮ್ಮಂಥವರಿಗೇ ಹೇಳಿ ಮಾಡಿಸಿದ್ದು, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕೇಂದ್ರದ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ ₹1,500ರ ಮಿತಿಯಲ್ಲಿ, ಸರಕಾರ ಕೊಡುತ್ತದೆ. ಪೋರ್ಟಲಿನಲ್ಲಿ ನೋಂದಾಯಿಸಬೇಕು. ನನಗೆ ಅದು ಬರಲಿಲ್ಲ, ಮಗಳು ಮಾಡಿಕೊಟ್ಟಳು. ಈಗ ನಮ್ಮಲ್ಲಿ ಇಬ್ಬರು ಹುಡುಗರಿದ್ದಾರೆ. ಅವಧಿ ಮುಗಿದು ಪರೀಕ್ಷೆ ಪಾಸಾದರೆ ಅವರಿಗೆ ಸರಕಾರದ ಸರ್ಟಿಫಿಕೇಟ್ ಸಿಗುತ್ತದೆ, ನನ್ನ ಬಾಯಿಮಾತಿನ ಶಿಫಾರಸು ಬೇಕಾಗುವುದಿಲ್ಲ. ಕೆಲಸ ಕಲಿತು ಬಿಟ್ಟು ಹೋದರೆ ಏನು ಗತಿ ಎಂದು ಕೇಳುತ್ತೀರಿ. ಹೋಗುತ್ತಾರೆ. ನಾನೂ ನನ್ನ ಯಜಮಾನರನ್ನು ಬಿಟ್ಟು ಬಂದೇ ಅಂಗಡಿ ಹಾಕಿದವನು, ನೀವೂ ಅಷ್ಟೇ.

ಸಭೆಯಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪೆನಿ ನಡೆಸುವ ಕೆಲವರಿದ್ದೀರಿ. ವರ್ಷದ ನಿವ್ವಳ ಲಾಭ ₹5 ಕೋಟಿ ಮುಟ್ಟಿದರೆ 2013ರ ಕಂಪೆನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು. ಶಿಕ್ಷಣ, ಕೌಶಲ ತರಬೇತಿ ಎರಡೂ ಅದರ ಪಟ್ಟಿಯಲ್ಲಿವೆ. ಬಣ್ಣ ಬಳಿಸಿ, ಗೇಟಿನ ಮೇಲೆ ಹೆಸರು ಹಾಕಿಸುವುದಕ್ಕಿಂತ ಮೊದಲು ಮುಖ್ಯೋಪಾಧ್ಯಾಯರನ್ನು ಕೂರಿಸಿಕೊಂಡು ಏನು ಬೇಕು ಎಂದು ಕೇಳಿ. ಒಂದು ಶಾಲೆಯಲ್ಲಿ ನಾವು ಹೋಗಿ ಸ್ಮಾರ್ಟ್ ಬೋರ್ಡ್ ಕೊಡುತ್ತೇವೆ ಎಂದೆವು. ಅವರು, ‘ಹುಡುಗಿಯರ ಶೌಚಾಲಯಕ್ಕೆ ನೀರಿನ ಟ್ಯಾಂಕ್ ಕೊಡಿ ಸಾಕು’ ಎಂದರು.

ಝಕಾತ್‌ನ ಹಣವನ್ನು ಶಾಲೆಯ ಕೆಲಸಕ್ಕೆ ಹಾಕಬಹುದೇ ಎಂದು ಕಳೆದ ವರ್ಷ ಇಬ್ಬರು ನನ್ನನ್ನು ಕೇಳಿದರು. ನಾನು ಆಲಿಮ್ ಅಲ್ಲ, ಉಸ್ತಾದರ ಹತ್ತಿರವೇ ಕೇಳಿದೆ. ಝಕಾತ್ ಅರ್ಹ ವ್ಯಕ್ತಿಯ ಕೈ ಸೇರಬೇಕು, ಕಟ್ಟಡಕ್ಕೂ ಟ್ಯಾಂಕಿಗೂ ಅದನ್ನು ಹಾಕುವುದು ಬೇಡ ಎಂದರು. ಆದ್ದರಿಂದ ಝಕಾತ್ ಈಗಿನಂತೆಯೇ ಬಡ ಮಕ್ಕಳ ವಿದ್ಯಾರ್ಥಿವೇತನಕ್ಕೆ ಬರಲಿ, ಒಂದು ರೂಪಾಯಿಯೂ ಕಡಿಮೆಯಾಗದಿರಲಿ. ಶಾಲೆಯ ಕೆಲಸಕ್ಕೆ ಸದಕ ಇದೆ, ಕಂಪೆನಿಯ ಹಣ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಸಮಯ ಇದೆ.

ತಾಯಂದಿರಿಗೆ ಹೇಳಬೇಕಾದ ಒಂದು ಮಾತು ಉಳಿದಿದೆ. 2022ರ ನಂತರ ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಸರಕಾರಿ ಸಂಸ್ಥೆಗಳಿಗೆ ಕಳುಹಿಸಲು ಹಿಂಜರಿಕೆ ಬಂದಿದೆ. ಆ ನೋವು ನನ್ನ ಮನೆಯಲ್ಲೂ ಇತ್ತು, ಅದನ್ನು ಸಣ್ಣದು ಮಾಡಿ ಮಾತಾಡಲಾರೆ. ಆದರೆ ಶಾಲೆಯಿಂದ ದೂರ ನಿಂತರೆ ಅಲ್ಲಿ ನಮ್ಮ ಮಾತು ಕೇಳುವವರು ಯಾರೂ ಇರುವುದಿಲ್ಲ. ಎಸ್‌ಡಿಎಂಸಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾನೂನೇ ಹೇಳುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಆ ಸಮಿತಿ. ಎಷ್ಟೋ ಕಡೆ ತಾಯಂದಿರ ಹೆಸರು ಪಟ್ಟಿಯಲ್ಲಿ ಇರುತ್ತದೆ, ಸಹಿ ಮನೆಗೆ ಬಂದು ಹಾಕಿಸಿಕೊಂಡು ಹೋಗುತ್ತಾರೆ. ಸಭೆಗೆ ಹೋಗಿ. ಗಣಿತ ಯಾರು ಕಲಿಸುತ್ತಿದ್ದಾರೆ ಎಂದು ಒಂದು ಪ್ರಶ್ನೆ ಕೇಳಿ. ಖಾಲಿ ಇದೆ ಎಂದಾದರೆ ನಮಗೆ ತಿಳಿಸಿ, ಕಚೇರಿಗೆ ಅಲೆಯುವ ಕೆಲಸ ನಮ್ಮದು.

ಹೊರಗೆ ಬಾಗಿಲ ಬಳಿ ಒಂದು ಮೇಜು ಇಟ್ಟಿದ್ದೇವೆ. ಅಲ್ಲಿ ಎರಡು ಪುಸ್ತಕಗಳಿವೆ. ನೀಲಿ ಪುಸ್ತಕದಲ್ಲಿ ಪೋಷಕರು ತಮ್ಮ ಮಗುವಿನ ಸರಕಾರಿ ಶಾಲೆಯ ಹೆಸರು, ಖಾಲಿ ಇರುವ ಹುದ್ದೆ ಗೊತ್ತಿದ್ದರೆ ಅದನ್ನೂ ಬರೆಸಬೇಕು. ಕೆಂಪು ಪುಸ್ತಕದಲ್ಲಿ ಅಂಗಡಿ, ಗ್ಯಾರೇಜ್, ಫ್ಯಾಕ್ಟರಿ ಇರುವವರು ಎಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತೀರಿ ಎಂದು ಬರೆಯಬೇಕು. ನೋಂದಣಿ ಗೊತ್ತಿಲ್ಲದವರಿಗೆ ನನ್ನ ಮಗಳು ಅಲ್ಲೇ ಕುಳಿತು ಮಾಡಿಕೊಡುತ್ತಾಳೆ, ಆಧಾರ್ ಮತ್ತು ಜಿಎಸ್‌ಟಿ ನಂಬರ್ ಕೈಯಲ್ಲಿರಲಿ. ಮೊದಲ ನಿಯೋಗ ರಂಝಾನ್ ಕಳೆದ ಮೇಲೆ, ಶಾಲೆ ಶುರುವಾಗುವ ಮೊದಲು ಹೋಗುವುದೆಂದು ಆಲೋಚನೆ. ದಿನಾಂಕ ಗೊತ್ತಾದ ಕೂಡಲೇ ಫೋನ್ ಮಾಡಿ ತಿಳಿಸುತ್ತೇವೆ.

ಊಟ ತಣ್ಣಗಾಗುತ್ತಿದೆ ಎಂದು ಹಿಂದಿನಿಂದ ಸನ್ನೆ ಮಾಡುತ್ತಿದ್ದಾರೆ. ವಸ್ಸಲಾಮು ಅಲೈಕುಂ.